ಕಿವಿಯಿಲ್ಲದ ಪಕ್ಕವಾದ್ಯ

ಸಿರವಾರದ ಕಡೆಯ ಒಂದು ಹಳ್ಳಿಯ ದೇವಾಲಯದಲ್ಲಿ ಪೂಜಾ ಸಾಮಗ್ರಿಗಳನ್ನಿಡುವ ಕೋಣೆಯನ್ನು ಸ್ವಚ್ಛಗೊಳಿಸುತ್ತಿದ್ದಾಗ ಮೂರು ಹಳೆಯ ಕೀಬೋರ್ಡುಗಳು ಹೊರಬಂದವು. ಮೊದಲನೆಯದು ಮಕ್ಕಳ ಬೆರಳಿಗೆ ಹೇಳಿ ಮಾಡಿಸಿದಂತಹ ಸಣ್ಣ ಕೀಗಳ ಕ್ಯಾಸಿಯೊ. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿದ್ದ ಬಂಧುವೊಬ್ಬರು 1980ರ ದಶಕದಲ್ಲಿ ಒಬ್ಬ ಸಿಸ್ಟರಿಗೆ ತಂದುಕೊಟ್ಟದ್ದು. ಎರಡನೆಯದು ಅದೇ ದಶಕದ ಯಮಹಾ. ಆರ್ಕೆಸ್ಟ್ರಾ ನಡೆಸುತ್ತಿದ್ದವರೊಬ್ಬರಿಂದ ಅರ್ಧ ಬೆಲೆಗೆ ಕೊಂಡದ್ದು. ಮೂರನೆಯದು ರೋಲ್ಯಾಂಡ್ ಕಂಪನಿಯ ಇ-ಸರಣಿಯದು. ಯಾರೋ ದಾನಿಗಳ ಕೊಡುಗೆ. ಮೂರರ ಮೇಲೂ ನಮ್ಮ ಎರೆಭೂಮಿಯ ಧೂಳು ಭೇದಭಾವವಿಲ್ಲದೆ ಕುಳಿತಿತ್ತು. ಗಾನವೃಂದದ ಯುವಕರು ಇವನ್ನು ಗುಜರಿಗೆ ಹಾಕಿ ಹೊಸದೊಂದನ್ನು ಕೊಡಿಸಬೇಕೆಂದರು. ವಯಸ್ಸಾದ ಉಪದೇಶಿಯವರು ಯಾವ ಕೀಬೋರ್ಡೂ ಬೇಡ, ಪೇಟಿಯೊಂದೇ ಸಾಕೆಂದರು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ತೀರ್ಪು ಹೇಳುವ ಹೊಣೆ ನನ್ನ ಪಾಲಿಗೆ ಬಂತು.

ತೀರ್ಪಿಗೆ ಮುನ್ನ ಸಾಕ್ಷಿಗಳನ್ನು ವಿಚಾರಿಸಬೇಕಲ್ಲವೇ? ಒಂದು ವಾರ ಸಂಜೆಯ ಹೊತ್ತು ಮೂರನ್ನೂ ಒರೆಸಿ ನುಡಿಸಿ ನೋಡಿದೆ. ನಾಡಿಗೆಲ್ಲ ವಿದ್ಯುತ್ ಕೊಡುವ ಜಿಲ್ಲೆಯಲ್ಲಿ ಮೊದಲೆರಡನ್ನು ಸೆಲ್ ಹಾಕಿ ನುಡಿಸಬೇಕಾಯಿತು. ಮೂರನೆಯದು ಕರೆಂಟು ಬಂದಾಗ ಮಾತ್ರ ಮಾತನಾಡಿತು. ನಾನು ಸಂಗೀತಗಾರನಲ್ಲ. ಗುರುಮಠದಲ್ಲಿ ಹಾರ್ಮೋನಿಯಮ್ಮಿನ ಮೇಲೆ ಬೆರಳಾಡಿಸಲು ಕಲಿತವನು, ಅಷ್ಟೆ. ಆದರೂ ಆ ವಾರದ ಕೊನೆಗೆ ನನ್ನ ಮುಂದಿದ್ದ ಪ್ರಶ್ನೆ ಯಾವ ಪೆಟ್ಟಿಗೆ ಉತ್ತಮ ಎಂಬುದಾಗಿ ಉಳಿದಿರಲಿಲ್ಲ. ಪಕ್ಕವಾದ್ಯ ಎಂದರೇನು, ಇನ್ನೊಬ್ಬರ ಹಾಡಿಗೆ ಜೊತೆಯಾಗುವುದೆಂದರೇನು ಎಂಬುದೇ ಪ್ರಶ್ನೆಯಾಗಿತ್ತು.

ಅರೇಂಜರ್ ಕೀಬೋರ್ಡ್ ಎಂಬ ಈ ವಾದ್ಯಜಾತಿಯ ಗುಣವನ್ನು ಮೊದಲು ತಿಳಿಸಬೇಕು. ಇದರ ಕೀಗಳ ಸಾಲು ಅದೃಶ್ಯವಾದ ಒಂದು ಗೆರೆಯಿಂದ ಎರಡು ಪಾಲಾಗಿರುತ್ತದೆ. ಬಲಗೈ ಹಾಡಿನ ಧಾಟಿಯನ್ನು ನುಡಿಸುತ್ತದೆ. ಎಡಗೈ ಮೂರು ಕೀಗಳನ್ನು ಒತ್ತಿ ಒಂದು ಕಾರ್ಡ್ ಹಿಡಿದರೆ ಸಾಕು, ಒಳಗಿರುವ ಯಂತ್ರವು ಅದನ್ನು ಗುರುತಿಸಿ ಡ್ರಮ್ಮು, ಬಾಸು, ಗಿಟಾರುಗಳ ಒಂದು ಮೇಳವನ್ನೇ ಆ ಸ್ವರಕ್ಕೆ ಹೊಂದಿಸಿ ನಡೆಸುತ್ತದೆ. ಈ ಮೇಳದ ಮಾದರಿಗೆ ಸ್ಟೈಲ್ ಎಂದು ಹೆಸರು. ಎರಡೋ ನಾಲ್ಕೋ ಆವರ್ತಗಳ ಒಂದು ತುಣುಕನ್ನು ಕಾರ್ಖಾನೆಯಲ್ಲಿ ಯಾರೋ ಒಂದೇ ಕಾರ್ಡಿನಲ್ಲಿ ನುಡಿಸಿ ತುಂಬಿಟ್ಟಿರುತ್ತಾರೆ. ನಾವು ಯಾವ ಕಾರ್ಡ್ ಒತ್ತುತ್ತೇವೋ ಅದಕ್ಕೆ ತಕ್ಕಂತೆ ಆ ತುಣುಕು ಮೇಲಕ್ಕೋ ಕೆಳಕ್ಕೋ ಸರಿದು ಮತ್ತೆ ಮತ್ತೆ ಸುತ್ತುತ್ತದೆ. ಆರಂಭಕ್ಕೊಂದು ಗುಂಡಿ, ನಡುವಿನ ತಿರುವಿಗೊಂದು ಗುಂಡಿ, ಮುಕ್ತಾಯಕ್ಕೊಂದು ಗುಂಡಿ.

ಇದರ ವಂಶವೃಕ್ಷ ಸ್ವಾರಸ್ಯವಾಗಿದೆ. ಒಂದು ಕವಲು ಅಮೆರಿಕದ ವರ್ಲಿಟ್ಸರ್ ಕಂಪನಿಯು 1959ರಲ್ಲಿ ಮಾರುಕಟ್ಟೆಗೆ ತಂದ ಸೈಡ್‌ಮನ್ ಎಂಬ ತಾಳಯಂತ್ರದ್ದು. ಸೈಡ್‌ಮನ್ ಎಂದರೆ ಪಕ್ಕದಲ್ಲಿ ಕುಳಿತು ನುಡಿಸುವವನು ಎಂದರ್ಥ; ಮನುಷ್ಯನ ಉದ್ಯೋಗದ ಹೆಸರನ್ನೇ ಯಂತ್ರಕ್ಕಿಟ್ಟರು. ಇನ್ನೊಂದು ಕವಲು ಇಟಲಿಯ ಅಕಾರ್ಡಿಯನ್ನಿನದು. ಎದೆಗೆ ತೂಗುಹಾಕಿಕೊಳ್ಳುವ ಆ ವಾದ್ಯದ ಎಡಬದಿಯಲ್ಲಿ ಒಂದು ಗುಂಡಿ ಒತ್ತಿದರೆ ಇಡೀ ಕಾರ್ಡ್ ಹೊರಡುತ್ತದೆ. ಇಟಲಿಯ ಮಾರ್ಕೆ ಪ್ರಾಂತ್ಯದ ಕಾಸ್ತೆಲ್‌ಫಿದಾರ್ದೊ ಎಂಬಲ್ಲಿ ಪಾವೊಲೊ ಸೊಪ್ರಾನಿ 1863ರಲ್ಲಿ ಅಕಾರ್ಡಿಯನ್ ತಯಾರಿಕೆಯನ್ನು ಆರಂಭಿಸಿದನು. ಹತ್ತಿರದ ಲೊರೆತೊ ಮಾತೆಯ ಪುಣ್ಯಕ್ಷೇತ್ರಕ್ಕೆ ಹೊರಟಿದ್ದ ಆಸ್ಟ್ರಿಯಾದ ಯಾತ್ರಿಕನೊಬ್ಬ ಅವನ ಮನೆಯಲ್ಲಿ ರಾತ್ರಿ ತಂಗಿ, ಆತಿಥ್ಯದ ಋಣಕ್ಕೆ ತನ್ನ ವಾದ್ಯವನ್ನು ಬಿಟ್ಟುಹೋದನೆಂಬುದು ಆ ಊರಿನ ಐತಿಹ್ಯ. ಜಪಾನಿನ ರೋಲ್ಯಾಂಡ್ ತನ್ನ ಮೊದಲ ಅರೇಂಜರ್ ಕೀಬೋರ್ಡ್ ಆದ ಇ-20ಯನ್ನು 1988ರಲ್ಲಿ ಹೊರತಂದಾಗ ಅದರ ಹಿಂದೆ ದುಡಿದದ್ದೂ ಅದೇ ಮಾರ್ಕೆ ಪ್ರಾಂತ್ಯದ ಕೈಗಳೇ. ತೀರ್ಥಯಾತ್ರಿಕನ ಹೆಗಲ ಮೇಲಿಂದ ಹೊರಟ ಒಂದು ಉಪಾಯ ಸಿರವಾರದ ಕೋಣೆಯವರೆಗೂ ನಡೆದುಬಂದಿದೆಯೆಂದರೆ ನನಗೆ ಸಂತೋಷವೇ.

ಈಗ ಮೂರರ ಧ್ವನಿಯನ್ನು ಕುರಿತು. ಕ್ಯಾಸಿಯೊದಲ್ಲಿ ಯಾವ ವಾದ್ಯವೂ ಆ ವಾದ್ಯದಂತೆ ಕೇಳುವುದಿಲ್ಲ. ಪಿಯಾನೊ ಎಂದು ಬರೆದ ಗುಂಡಿ ಒತ್ತಿದರೆ ಬರುವುದು ಪಿಯಾನೊ ಅಲ್ಲ, ಕೊಳಲು ಎಂದು ಬರೆದದ್ದು ಕೊಳಲಲ್ಲ. ಅದರ ತಾಳವಂತೂ ಬಿಸಿ ಎಣ್ಣೆಗೆ ಸಾಸಿವೆ ಹಾಕಿದಂತೆ ಚುಂಯ್ ಚುಂಯ್ ಎನ್ನುತ್ತದೆ. ವಿದ್ಯುತ್ ಮಂಡಲದಲ್ಲಿ ಹುಟ್ಟಿಸಿದ ಬರಿಯ ಮರ್ಮರವನ್ನು ತುಂಡುತುಂಡಾಗಿ ಕತ್ತರಿಸಿ ಅದಕ್ಕೆ ತಾಳವೆಂದು ಹೆಸರಿಟ್ಟಿದ್ದಾರೆ. ಕೇಳಿದವರು ನಗುತ್ತಾರೆ. ಆದರೆ ಯಾರೂ ಮೋಸಹೋಗುವುದಿಲ್ಲ. ನಾನು ಪೆಟ್ಟಿಗೆ ಎಂದು ಅದು ಮೊದಲ ಸ್ವರದಲ್ಲಿಯೇ ಒಪ್ಪಿಕೊಳ್ಳುತ್ತದೆ.

ಯಮಹಾದ್ದು ಎಫ್‌ಎಂ ತಂತ್ರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಗೀತಗಾರ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಮರ್ಮ ಅದು. ಗಾಯಕನು ಸ್ವರವನ್ನು ಕಂಪಿಸಿದಾಗ ನಮಗೆ ಅಲುಗಾಟ ಕೇಳಿಸುತ್ತದೆ. ಆ ಕಂಪನವನ್ನು ಸೆಕೆಂಡಿಗೆ ಐದಾರು ಬಾರಿಯಿಂದ ನೂರಾರು ಬಾರಿಗೆ ಏರಿಸಿದರೆ ಅಲುಗಾಟ ಮಾಯವಾಗಿ, ಅದರ ಜಾಗದಲ್ಲಿ ಹೊಸದೊಂದು ನಾದಗುಣ ಹುಟ್ಟುತ್ತದೆ. ಒಂದು ಸ್ವರವು ಇನ್ನೊಂದನ್ನು ಅಲುಗಿಸಿ ಮೂರನೆಯದನ್ನು ಹುಟ್ಟಿಸುವ ಈ ವಿದ್ಯೆಯನ್ನು ಯಮಹಾ ಪರವಾನಗಿ ಪಡೆದು, 1983ರ ಡಿಎಕ್ಸ್7 ವಾದ್ಯದ ಮೂಲಕ ಲೋಕಕ್ಕೆಲ್ಲ ಹಂಚಿತು. ಡಿಎಕ್ಸ್7ನಲ್ಲಿ ಪ್ರತಿ ಧ್ವನಿಗೆ ಇಂಥ ಆರು ಘಟಕಗಳಿದ್ದರೆ ಮನೆಬಳಕೆಯ ಅಗ್ಗದ ಪೆಟ್ಟಿಗೆಗಳಲ್ಲಿ ಎರಡೇ ಇದ್ದವು. ಎಫ್‌ಎಂ ಧ್ವನಿಗೆ ಪಿಟೀಲು ಒಗ್ಗದು, ಮನುಷ್ಯ ಕಂಠ ಒಗ್ಗದು. ಗಂಟೆ ಮಾತ್ರ ಅದ್ಭುತವಾಗಿ ಒಗ್ಗುತ್ತದೆ. ನಮ್ಮ ಯಮಹಾದ ಗಂಟೆಯ ಧ್ವನಿ ಕೇಳಿ ಹೊರಗೆ ಆಡುತ್ತಿದ್ದ ಮಕ್ಕಳು ಒಂದು ಕ್ಷಣ ತಿರುಗಿ ನೋಡಿದರು. ಅನುಕರಿಸಲೆಂದು ಹುಟ್ಟಿದ ಯಂತ್ರಕ್ಕೆ ತನ್ನದೇ ಆದ ಒಂದು ದನಿ ಇರುವುದು ಸಾಧ್ಯವೆಂದು ನನಗೆ ಅಂದು ಅನಿಸಿತು.

ರೋಲ್ಯಾಂಡಿನ ದಾರಿ ಬೇರೆ. ನಿಜವಾದ ವಾದ್ಯವನ್ನು ನುಡಿಸಿ, ಆ ಧ್ವನಿಯನ್ನೇ ಅಂಕಿಗಳಾಗಿ ಅಳೆದು ಸಂಗ್ರಹಿಸುವುದು ಈ ದಾರಿ; ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಸಿ.ಡಿ.ಯ ಗುಣಮಟ್ಟದಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 44,100 ಬಾರಿ ಅಳೆಯಬೇಕು. ಒಂದೇ ವಾಹಿನಿಗೆ 88,200 ಬೈಟ್ ಸ್ಮರಣೆ ಬೇಕು. 1982ರಲ್ಲಿ ಬಂದ ಜನಪ್ರಿಯ ಕಮೊಡೋರ್ 64 ಕಂಪ್ಯೂಟರಿನ ಸ್ಮರಣೆಯೆಲ್ಲ ಸೇರಿದರೂ 64 ಕಿಲೋಬೈಟ್. ಒಂದೇ ಒಂದು ಸೆಕೆಂಡ್ ಅದರಲ್ಲಿ ಹಿಡಿಸದು. ಆದುದರಿಂದ ಆ ಕಾಲದ ತಂತ್ರಜ್ಞರು ಜಿಪುಣರಾಗಬೇಕಾಯಿತು. ರೋಲ್ಯಾಂಡ್ 1987ರ ಡಿ-50 ವಾದ್ಯದಲ್ಲಿ ಒಂದು ಜಾಣತನ ಮಾಡಿತು. ಸ್ವರ ಹುಟ್ಟುವ ಮೊದಲ ಕ್ಷಣವನ್ನಷ್ಟೇ ನಿಜವಾದ ವಾದ್ಯದಿಂದ ತೆಗೆದುಕೊಂಡು, ಮುಂದಿನ ಭಾಗವನ್ನು ಯಂತ್ರದಿಂದಲೇ ನೇಯ್ದು ಜೋಡಿಸಿತು. ಕೊಳಲನ್ನು ಕೊಳಲೆಂದೂ ಪಿಟೀಲನ್ನು ಪಿಟೀಲೆಂದೂ ನಮ್ಮ ಕಿವಿ ಗುರುತಿಸುವುದು ಬಹುಮಟ್ಟಿಗೆ ಆ ಮೊದಲ ಕ್ಷಣದಿಂದಲೇ. ಬಾಗಿಲಲ್ಲಿ ಪರಿಚಿತ ಮುಖವೊಂದು ಕಂಡರೆ ಒಳಗಿರುವವರೂ ಪರಿಚಿತರೇ ಎಂದು ನಾವು ನಂಬುವುದಿಲ್ಲವೇ, ಹಾಗೆ. ಸ್ಮರಣೆ ಅಗ್ಗವಾದಂತೆ ಮೊದಲ ಕ್ಷಣವಷ್ಟೇ ಅಲ್ಲ, ಸ್ವರದ ಪೂರ್ತಿ ಬಾಳುವೆಯನ್ನೇ ಹಿಡಿದಿಡುವುದು ಸಾಧ್ಯವಾಯಿತು.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಹೊಂದುವಂತೆ 1991ರಲ್ಲಿ ಜನರಲ್ ಮಿಡಿ ಎಂಬ ಒಪ್ಪಂದವಾಗಿ, 128 ಧ್ವನಿಗಳ ಪಟ್ಟಿಯೊಂದು ಸಿದ್ಧವಾಯಿತು. ಅದರಲ್ಲಿ 20ನೆಯದು ಚರ್ಚ್ ಆರ್ಗನ್. ಭಾರತದ ಪಾಲಿಗೆ ಬಂದವು 105ನೆಯ ಸಿತಾರ್ ಮತ್ತು 112ನೆಯ ಶಹನಾಯಿ. ತಾಳವಾದ್ಯಗಳ ಪಟ್ಟಿಯಲ್ಲಿ ತಬಲಾ ಇಲ್ಲ, ಮೃದಂಗವಿಲ್ಲ. ಹಲಗೆಯಂತೂ ಯಾರ ಕನಸಿನಲ್ಲಿಯೂ ಇರಲಾರದು. ಹಳೆಯ ಸ್ಟೈಲುಗಳೂ ಬಹುಪಾಲು ಮೂರು ಅಥವಾ ನಾಲ್ಕರ ಎಣಿಕೆಯವು. ಏಳು ಮಾತ್ರೆಯ ನಮ್ಮ ಕೆಲವು ಹಾಡುಗಳನ್ನು ಗಾನವೃಂದದವರು ಕೀಬೋರ್ಡಿಗಾಗಿ ಎಂಟಕ್ಕೆ ಎಳೆದು ಹಾಡುವುದನ್ನು ನಾನೇ ಕೇಳಿದ್ದೇನೆ. ಕೆಲವು ವರ್ಷಗಳಲ್ಲಿ ಎಂಟೇ ಸರಿಯೆಂದು ಕಿವಿಗೆ ರೂಢಿಯಾಯಿತು. ಏಳರಲ್ಲಿ ಹಾಡಿದ ಅಜ್ಜಿಯೊಬ್ಬರನ್ನು ಮಕ್ಕಳು ತಿದ್ದಿದರು.

ಯುವಕರು ಕೇಳುತ್ತಿದ್ದ ಹೊಸ ಪೆಟ್ಟಿಗೆ ಈ ಕೊರತೆಯನ್ನು ತುಂಬುವಂಥದು. ಯಮಹಾದವರು ಭಾರತಕ್ಕೆಂದೇ ರೂಪಿಸಿದ ಪಿಎಸ್‌ಆರ್-ಐ500ರಲ್ಲಿ ತಬಲಾ ಇದೆ, ತಂಬೂರಿ ಇದೆ, ರಿಯಾಜಿಗೆಂದೇ ಪ್ರತ್ಯೇಕ ವಿಭಾಗವಿದೆ. ಅದರ ತಬಲಾ ತಬಲಾದಂತೆಯೇ ಕೇಳುತ್ತದೆ. ಹಾಗಾದರೆ ಕ್ಯಾಸಿಯೊದಿಂದ ಇಲ್ಲಿಯವರೆಗಿನ ನಾಲ್ಕು ದಶಕಗಳ ನಡಿಗೆ ನಿರ್ವಿವಾದವಾಗಿ ಪ್ರಗತಿಯೇ ಅಲ್ಲವೇ?

ಧ್ವನಿಯ ಮಟ್ಟಿಗೆ ಹೌದು. ಆದರೆ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಕ್ಯಾಸಿಯೊ ನುಡಿಯುವಾಗ ತಬಲಾದವರು ಇಲ್ಲವೆಂಬುದು ಎಲ್ಲರಿಗೂ ಗೊತ್ತಾಗುತ್ತಿತ್ತು. ಆ ಕೊರತೆಯೇ ಯಾರನ್ನಾದರೂ ಕರೆತರುವಂತೆ ಒತ್ತಾಯಿಸುತ್ತಿತ್ತು. ಬೇರೆ ಯಾರೂ ಸಿಗದಿದ್ದರೆ ಹುಡುಗನೊಬ್ಬ ಬೆಂಚಿನ ಮೇಲೆ ಬೆರಳು ಬಡಿಯುತ್ತಿದ್ದ. ಅನುಕರಣೆ ಪರಿಪೂರ್ಣವಾದಾಗ ಇಲ್ಲದಿರುವವನ ಸ್ಥಾನ ಖಾಲಿಯಿದೆಯೆಂಬುದೇ ಮರೆತುಹೋಗುತ್ತದೆ. ಆ ತಬಲಾವನ್ನೂ ಯಾರೋ ಒಬ್ಬರು ಯಾವುದೋ ಸ್ಟುಡಿಯೊದಲ್ಲಿ ಕುಳಿತು ನುಡಿಸಿದ್ದಾರೆ. ನಮ್ಮ ಹಾಡು ಅವರಿಗೆ ತಿಳಿಯದು, ನಮ್ಮ ಊರು ಅವರಿಗೆ ತಿಳಿಯದು. ಅವರು ಒಮ್ಮೆ ನುಡಿಸಿ ಎದ್ದುಹೋದರು. ಅವರ ಕೈಗಳು ಮಾತ್ರ ನಮ್ಮಲ್ಲಿ ದುಡಿಯುತ್ತಿವೆ.

ಈ ಮುಳ್ಳು ನನಗೊಬ್ಬನಿಗೇ ಚುಚ್ಚಿದ್ದಲ್ಲ. ಜಗದ್ಗುರು ಹತ್ತನೆಯ ಭಕ್ತಿನಾಥರು 1903ರ ನವೆಂಬರ್ 22ರಂದು ಪವಿತ್ರ ಸಂಗೀತವನ್ನು ಕುರಿತು ಹೊರಡಿಸಿದ ಆದೇಶದಲ್ಲಿ ದೇವಾಲಯದೊಳಗೆ ಪಿಯಾನೊ, ಡೋಲು, ತಾಳಗಳನ್ನು ನಿಷೇಧಿಸಿದ್ದರು. ಅಂದಿನ ಭಯ ಗದ್ದಲದ್ದು. 1958ರ ಸೆಪ್ಟೆಂಬರ್ 3ರ ಆದೇಶದಲ್ಲಿ ಭಯದ ಸ್ವರೂಪ ಬದಲಾಗಿತ್ತು. ಕಲಾವಿದನು ತಾನೇ ನುಡಿಸುವ ವಾದ್ಯಗಳಿಗೆ ಮಾತ್ರ ಆರಾಧನೆಯಲ್ಲಿ ಪ್ರವೇಶ. ತಾನಾಗಿ ನುಡಿಯುವ ಆರ್ಗನ್, ಗ್ರಾಮಫೋನ್, ರೇಡಿಯೊ, ಟೇಪ್‌ರೆಕಾರ್ಡರ್‌ಗಳಿಗೆ ಇಲ್ಲ ಎಂದು ಅದು ವಿಧಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆಯಾ ಜನಾಂಗಗಳ ಸಂಗೀತ ಸಂಪ್ರದಾಯಕ್ಕೆ ಬಾಗಿಲು ತೆರೆದ ಮೇಲೆ ಡೋಲು ತಾಳಗಳು ಗೌರವದಿಂದ ಒಳಬಂದವು. ಆದರೆ 1958ರ ಆ ಸಾಲು ಎತ್ತಿದ ಪ್ರಶ್ನೆ ನಿಯಮಕ್ಕಿಂತ ಹಳೆಯದು, ನಿಯಮಕ್ಕಿಂತ ದೀರ್ಘಾಯುಷಿ. ಅರೇಂಜರ್ ಕೀಬೋರ್ಡನ್ನು ನುಡಿಸುವವನು ಯಾರು?

ಸಂತ ತೋಮಸ್ ಅಕ್ವಿನಾಸರು ಸಂಸ್ಕಾರಗಳ ವಿಚಾರ ಹೇಳುವಾಗ ಕೊಡಲಿಯ ಉದಾಹರಣೆ ಕೊಡುತ್ತಾರೆ. ಕೊಡಲಿ ತನ್ನ ಹರಿತದಿಂದ ಮರವನ್ನು ಸೀಳುತ್ತದೆ. ಆದರೆ ಮಂಚವಾಗುವುದು ಬಡಗಿಯ ಕಲೆಯಿಂದ. ಉಪಕರಣಕ್ಕೆ ತನ್ನದೇ ಆದ ಒಂದು ಕ್ರಿಯೆಯಿದೆ, ಅದನ್ನು ನಡೆಸುವವನ ಉದ್ದೇಶ ಆ ಕ್ರಿಯೆಯನ್ನು ಮೀರಿಸುತ್ತದೆ. ಹಾರ್ಮೋನಿಯಮ್ಮಿಗೆ ಇದನ್ನು ಸುಲಭವಾಗಿ ಅನ್ವಯಿಸಬಹುದು. ಅರೇಂಜರಿನಲ್ಲಾದರೋ ಕೊಡಲಿಯೊಳಗೆ ಇನ್ನೊಬ್ಬ ಬಡಗಿ ಅಡಗಿ ಕುಳಿತಿದ್ದಾನೆ. ಮಂಚದ ಕಾಲು ಹೇಗಿರಬೇಕೆಂದು ಅವನು ಆಗಲೇ ನಿರ್ಧರಿಸಿದ್ದಾನೆ. ನಮ್ಮ ಹುಡುಗ ಕೊಡಲಿ ಎತ್ತಿದ ಕೂಡಲೇ ಅವನು ಕೆತ್ತತೊಡಗುತ್ತಾನೆ.

ಈ ವಾದವನ್ನು ಬರೆದಿಟ್ಟು ನಾನು ಬಹಳ ಸಮಾಧಾನಪಟ್ಟೆ. ಮರುದಿನ ಬೆಳಿಗ್ಗೆ ಬಲಿಪೂಜೆಯ ನಡುವೆ ಆ ಸಮಾಧಾನ ಹಾರಿಹೋಯಿತು. ನನ್ನ ಕೈಯಲ್ಲಿದ್ದ ಪೂಜಾಗ್ರಂಥದ ಒಂದು ವಾಕ್ಯವೂ ನಾನು ರಚಿಸಿದ್ದಲ್ಲ. ಶತಶತಮಾನಗಳ ಹಿಂದೆ ಯಾರೋ ರಚಿಸಿದ ಪ್ರಾರ್ಥನೆಯನ್ನು, ಗೊತ್ತಾದ ಆರಂಭ, ಗೊತ್ತಾದ ತಿರುವು, ಗೊತ್ತಾದ ಮುಕ್ತಾಯದೊಂದಿಗೆ ನಾನು ಪ್ರತಿದಿನ ಹೇಳುತ್ತೇನೆ. ಹಾಗಾದರೆ ಹುಡುಗನ ಸ್ಟೈಲಿಗೂ ನನ್ನ ಪೂಜಾಗ್ರಂಥಕ್ಕೂ ವ್ಯತ್ಯಾಸವೇನು? ಇನ್ನೊಬ್ಬರು ಸಿದ್ಧಪಡಿಸಿಟ್ಟ ರೂಪವನ್ನು ಬಳಸುವುದೇ ದೋಷವಾದರೆ ಮೊದಲ ಅಪರಾಧಿ ನಾನೇ.

ಸಿದ್ಧರೂಪವೂ ಮನುಷ್ಯರ ಕೈಗೆ ಸಿಕ್ಕಾಗ ಹೊಸದಾಗಬಲ್ಲದು. ಕ್ಯಾಸಿಯೊ ಕಂಪನಿಯಲ್ಲಿ ಹಿರೊಕೊ ಒಕುಡಾ ಎಂಬ ಯುವತಿ 1981ರ ಎಂಟಿ-40 ಎಂಬ ಸಣ್ಣ ಕೀಬೋರ್ಡಿಗೆ ರಾಕ್ ಹೆಸರಿನ ತಾಳವೊಂದನ್ನು ಸಿದ್ಧಪಡಿಸಿದ್ದರು. ಜಮೈಕಾದಲ್ಲಿ ವೇಯ್ನ್ ಸ್ಮಿತ್ ಎಂಬ ಗಾಯಕ ಮತ್ತು ಕಿಂಗ್ ಜಾಮಿ ಎಂಬ ನಿರ್ಮಾಪಕ ಅದೇ ತುಣುಕನ್ನು ನಿಧಾನಗೊಳಿಸಿ 1985ರಲ್ಲಿ ಒಂದು ಹಾಡನ್ನು ಮಾಡಿದರು. ಆ ನಾಡಿನ ಸಂಗೀತದ ದಿಕ್ಕೇ ಬದಲಾಯಿತು. ಗುಂಡಿ ಒತ್ತಿದರೆ ಬರುವ ತುಣುಕೇ ಅದು. ಆದರೆ ಅದರ ವೇಗವನ್ನು ತಮ್ಮ ನಡಿಗೆಗೆ ಇಳಿಸಿಕೊಂಡವರು ಅವರು. ಆದ್ದರಿಂದ ಸಿದ್ಧರೂಪ ಎಂಬ ಕಾರಣಕ್ಕೆ ಕೀಬೋರ್ಡನ್ನು ಹಳಿಯುವ ಹಕ್ಕು ನಮಗಿಲ್ಲ.

ಇಷ್ಟರಲ್ಲಿ ನನಗೆ ಹಾರ್ಮೋನಿಯಮ್ಮಿನ ಚರಿತ್ರೆಯೂ ನೆನಪಾಯಿತು. 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ಪೆಟ್ಟಿಗೆಯಾದ ಈ ವಾದ್ಯವನ್ನು, ಶ್ರುತಿಯ ಸೂಕ್ಷ್ಮಗಳನ್ನು ಕೊಲ್ಲುತ್ತದೆಂದು ಆಕಾಶವಾಣಿ 1940ರಲ್ಲಿ ಬಹಿಷ್ಕರಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಅಂದು ಪರಕೀಯವೆನಿಸಿದ ಪೇಟಿಯೇ ಇಂದು ನಮ್ಮ ಉಪದೇಶಿಯವರಿಗೆ ಸನಾತನ ವಾದ್ಯ! ಇನ್ನು ಐವತ್ತು ವರ್ಷಗಳಾದ ಮೇಲೆ ಯಾರಾದರೂ ಅರೇಂಜರ್ ಕೀಬೋರ್ಡನ್ನು ನೆನೆದು ಕಣ್ಣೀರು ಹಾಕಿದರೆ ಆಶ್ಚರ್ಯವಿಲ್ಲ. ಹೊಸ ವಾದ್ಯವನ್ನು ಕಂಡು ಹಳೆಯ ತಲೆಮಾರು ಬೆದರುವುದು ಸಹಜ. ನನ್ನ ಬೆದರಿಕೆಯೂ ಅಂಥದ್ದೇ ಇರಬಹುದೆಂದು ಅನುಮಾನಿಸಿಯೇ ಮುಂದುವರಿದೆ.

ಆ ಅನುಮಾನದೊಡನೆ ಒಂದು ಭಾನುವಾರ ಸುಮ್ಮನೆ ಕಿವಿಗೊಟ್ಟು ಕೇಳಿದೆ. ಗಾನವೃಂದದ ಯುವಕನೊಬ್ಬ ಬಾಡಿಗೆಗೆ ತಂದ ಕೀಬೋರ್ಡನ್ನು ನುಡಿಸುತ್ತಿದ್ದ. ನಮ್ಮಲ್ಲಿ ಹಾಡುವವರಲ್ಲಿ ಹೆಚ್ಚಿನವರು ಕಳೆ ಕೀಳಿ, ಹತ್ತಿ ಬಿಡಿಸಿ ದಣಿದ ಅವ್ವಂದಿರು. ಅವರು ಸಾಲಿನ ಕೊನೆಯ ಸ್ವರವನ್ನು ಎಳೆಯುತ್ತಾರೆ. ಎಳೆದು, ನಿಂತು, ಉಸಿರು ತುಂಬಿಕೊಂಡು ಮುಂದಿನ ಸಾಲಿಗೆ ಹೋಗುತ್ತಾರೆ. ಆ ಉಸಿರಿಗೆ ಎಷ್ಟು ಮಾತ್ರೆ ಎಂದು ಯಾವ ಲೆಕ್ಕವೂ ಇಲ್ಲ. ಪೇಟಿ ನುಡಿಸುವ ಉಪದೇಶಿಯವರು ಆಗ ತಿದಿಯನ್ನು ಹಗುರವಾಗಿ ಒತ್ತುತ್ತಾ ಕಾಯುತ್ತಾರೆ, ಏಕೆಂದರೆ ಪೇಟಿಯೂ ಉಸಿರಿನಿಂದಲೇ ಬದುಕುವ ವಾದ್ಯ. ಕೀಬೋರ್ಡ್ ಕಾಯಲಿಲ್ಲ. ಅವ್ವಂದಿರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದು ಮುಂದಿನ ಆವರ್ತಕ್ಕೆ ಹೋಗಿತ್ತು. ಎರಡನೆಯ ಚರಣದಲ್ಲಿ ಅವರು ಓಡಿ ಹಿಡಿಯಲು ನೋಡಿದರು. ಮೂರನೆಯದರಲ್ಲಿ ಸುಮ್ಮನಾದರು. ಗಾನವೃಂದದ ಐದು ಜನ ಚೊಕ್ಕವಾಗಿ ಹಾಡಿ ಮುಗಿಸಿದರು, ಉಳಿದವರು ಕೇಳಿದರು.

ನಾನು ಹುಡುಕುತ್ತಿದ್ದ ವ್ಯತ್ಯಾಸ ಇಲ್ಲಿತ್ತು. ಹಾಡುವವನ ಪಕ್ಕದಲ್ಲಿರುವುದು ಎಂದು ನಮ್ಮ ಭಾಷೆಯೇ ಪಕ್ಕವಾದ್ಯಕ್ಕೆ ಅರ್ಥ ಕೊಟ್ಟಿದೆ. ಪಕ್ಕದಲ್ಲಿರುವವನು ಕೇಳಿಸಿಕೊಳ್ಳಬೇಕು. ಅರೇಂಜರಿಗೆ ಕೀಗಳ ಮೂಲಕ ಬೆರಳು ತಿಳಿಯುತ್ತದೆ, ಕಂಠ ತಿಳಿಯುವುದಿಲ್ಲ. ಕ್ಯಾಸಿಯೊ, ಯಮಹಾ, ರೋಲ್ಯಾಂಡ್, ಹೊಸ ಪಿಎಸ್‌ಆರ್ ಎಲ್ಲವೂ ಈ ವಿಷಯದಲ್ಲಿ ಸಮಾನ ಕಿವುಡು. ಧ್ವನಿಯಲ್ಲಿ ಇಷ್ಟೆಲ್ಲ ಮುಂದುವರಿದ ತಂತ್ರಜ್ಞಾನ ಈ ಒಂದು ಹೆಜ್ಜೆಯನ್ನು ಅವುಗಳಲ್ಲಿ ಇಟ್ಟಿಲ್ಲ. ತಂಬೂರಿಗೂ ಕಿವಿಯಿಲ್ಲವಲ್ಲ ಎನ್ನಬಹುದು. ನಿಜ. ಮಾನ್ವಿಯ ಜಗನ್ನಾಥದಾಸರು, ಮೊಸರಕಲ್ಲಿನ ಗೋಪಾಲದಾಸರು ಇದೇ ಜಿಲ್ಲೆಯ ಹಾದಿಗಳಲ್ಲಿ ಹದಿನೆಂಟನೆಯ ಶತಮಾನದಲ್ಲಿ ನಡೆದರು. ಹರಿದಾಸರ ಹೆಗಲಿನ ತಂಬೂರಿ ಒಂದೇ ಶ್ರುತಿಯನ್ನು ಹೇಳುತ್ತಿತ್ತು. ಆದರೆ ಅದು ಮುಂದೆ ಓಡುವುದಿಲ್ಲ. ನೆಲದಂತೆ ಇರುತ್ತದೆ, ಹಾಡುವವನು ಅದರ ಮೇಲೆ ನಿಲ್ಲಲೂ ಬಹುದು, ಕೂರಲೂ ಬಹುದು.

ಹೀಗೆ ಒಂದು ನಿಲುವಿಗೆ ಬಂದವನು ಅದನ್ನು ಯುವಕನಿಗೆ ಹೇಳಿದೆ. ಕೊನೆಗೆ, ಗುರುಮಠದ ದಿನಗಳಿಂದಲೂ ನನ್ನ ಮನಸ್ಸಿನಲ್ಲಿದ್ದ ಆಸೆಯೊಂದನ್ನೂ ಸೇರಿಸಿದೆ. "ತಮ್ಮಾ, ಪೆಟ್ಟಿಗೆಯ ತಾಳ ಯಾಕೆ? ನಿನ್ನ ತಾತ ಹಲಗೆ ಬಾರಿಸುತ್ತಿದ್ದರಂತೆ. ನಮ್ಮ ಮಣ್ಣಿನ ವಾದ್ಯ ಅದು. ದೇವಾಲಯಕ್ಕೆ ಅದನ್ನೇ ತರಬಾರದೇ?" ಹಲಗೆ ಬಾರಿಸುವವನು ಮೆರವಣಿಗೆಯ ಕಾಲುಗಳನ್ನು ನೋಡಿ ಬಾರಿಸುತ್ತಾನೆ, ನಿಂತರೆ ನಿಲ್ಲುತ್ತಾನೆ, ಅದಕ್ಕಿಂತ ಒಳ್ಳೆಯ ಕಿವಿ ಯಾವ ವಾದ್ಯಕ್ಕಿದೆ ಎಂದೂ ಹೇಳಿದೆ.

ಅವನು ಸ್ವಲ್ಪ ಹೊತ್ತು ಕೀಬೋರ್ಡಿನ ವೈರು ಸುತ್ತುತ್ತಿದ್ದ. ಆಮೇಲೆ ಅಂದ: "ನಮ್ಮ ತಾತ ಹಲಗಿ ಬಡದದ್ದು ಹಾಡಿಗಲ್ಲ ಫಾದರ್. ಊರಾಗ ಯಾರಾರ ಸತ್ರ ಕರೀತಿದ್ರು, ಹೋಗಿ ಬಡೀಬೇಕಿತ್ತು. ನೀವು ಅದನ್ನ ವಾದ್ಯ ಅಂತೀರಿ. ಊರವ್ರು ಅದನ್ನ ನಮ್ಮ ಜಾತಿ ಅಂತಿದ್ರು."

ನನ್ನಲ್ಲಿ ಉತ್ತರವಿರಲಿಲ್ಲ. ಹಲಗೆ ಬಡಿಯುವುದು, ಡಂಗುರ ಸಾರುವುದು ಮಾದಿಗ ಸಮುದಾಯದ ಮೇಲೆ ತಲೆತಲಾಂತರದಿಂದ ಹೊರಿಸಿದ್ದ ಬಿಟ್ಟಿ ದುಡಿಮೆಯೆಂಬುದನ್ನು ನಾನು ಪುಸ್ತಕದಲ್ಲಿ ಓದಿ ಬಲ್ಲೆ, ಪ್ರಬೋಧನೆಯಲ್ಲಿ ಹೇಳಿಯೂ ಇದ್ದೇನೆ. ಆದರೂ ಆ ಹಲಗೆಯನ್ನು ದೇಶೀಯ ಸಂಸ್ಕೃತಿಯ ಹೆಸರಿನಲ್ಲಿ ಅವನ ಹೆಗಲಿಗೆ ಮತ್ತೆ ತೂಗುಹಾಕಲು ಹೊರಟಿದ್ದೆ. ಅವನ ತಾತನ ಕಿವಿಯನ್ನು ನಾನು ಹೊಗಳಿದೆ. ಆ ಕಿವಿ ಅಷ್ಟು ಚುರುಕಾದದ್ದು ಹೇಗೆ? ಕರೆದಾಗ ಹೋಗದಿದ್ದರೆ, ನಿಲ್ಲೆಂದಾಗ ನಿಲ್ಲದಿದ್ದರೆ ಏನಾಗುತ್ತದೆಂದು ಅದಕ್ಕೆ ಗೊತ್ತಿತ್ತು. ಊರು ಆ ಕಿವಿಯಿಂದ ಕೇಳಿಸಿಕೊಂಡಿತು. ಆ ಬಾಯಿಯ ಮಾತನ್ನು ಯಾರೂ ಕೇಳಲಿಲ್ಲ. ಊಟದ ಹೊತ್ತಿಗೆ ಪಕ್ಕವಾದ್ಯದವನ ಸ್ಥಾನ ಪಕ್ಕದಲ್ಲಿರಲಿಲ್ಲ, ಹೊರಗಿತ್ತು.

ಜಪಾನಿನಿಂದ ಬಂದ ಪೆಟ್ಟಿಗೆಗೆ ಜಾತಿಯಿಲ್ಲ. ಅದನ್ನು ಮುಟ್ಟಿದವನ ಕೈಯನ್ನು ಯಾರೂ ವಿಚಾರಿಸುವುದಿಲ್ಲ. ಸಿರವಾರದ ಮದುವೆ ಮನೆಗಳಲ್ಲಿ, ಕ್ಯಾಂಪುಗಳ ತೆಲುಗು ಪ್ರಾರ್ಥನಾ ಕೂಟಗಳಲ್ಲಿ ಅವನನ್ನು ಕೀಬೋರ್ಡ್ ಮಾಸ್ತರ್ ಎಂದು ಕರೆದು ಕುರ್ಚಿ ಹಾಕುತ್ತಾರೆ. ನಾನು ಕೊರತೆಯೆಂದು ಎಣಿಸಿದ್ದ ಅದರ ಕಿವುಡುತನ, ಊರಿನ ಕರೆ ಅದಕ್ಕೆ ಕೇಳಿಸುವುದಿಲ್ಲ ಎಂಬುದು, ಅವನ ಪಾಲಿಗೆ ಬಿಡುಗಡೆಯೂ ಆಗಿತ್ತು. ಇದನ್ನು ಅರಿತ ಮೇಲೆ ನನ್ನ ಹಿಂದಿನ ವಾದವನ್ನು ಕೈಬಿಟ್ಟೆನೇ? ಇಲ್ಲ. ಮೂರನೆಯ ಚರಣದಲ್ಲಿ ಸುಮ್ಮನಾದ ಅವ್ವಂದಿರೂ ಅದೇ ಸಮುದಾಯದವರೇ, ಅವರಲ್ಲೊಬ್ಬಳು ಅವನ ಅಜ್ಜಿಯೇ. ಹುಡುಗನ ಬಿಡುಗಡೆಯೂ ಸತ್ಯ, ಅಜ್ಜಿಯ ಮೌನವೂ ಸತ್ಯ. ಒಂದನ್ನು ಇನ್ನೊಂದರಿಂದ ಕಳೆಯುವ ಲೆಕ್ಕ ನನಗೆ ತಿಳಿಯದು.

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಸಂಪುಟದಲ್ಲಿ, ಹಾಡಿನ ಅರ್ಥಕ್ಕಿಂತ ಹಾಡಿನ ಇಂಪೇ ತಮ್ಮನ್ನು ಹೆಚ್ಚು ಕದಲಿಸಿದಾಗ ತಾವು ತಪ್ಪಿತಸ್ಥರೆಂದು ಒಪ್ಪಿಕೊಳ್ಳುತ್ತಾರೆ. ಹಾಗೆಂದು ಹಾಡನ್ನೇ ಹೊರಹಾಕಲು ಮನಸ್ಸು ಬಾರದೆ ತೊಳಲಾಡುತ್ತಾರೆ. ವಿದ್ಯಾರ್ಥಿದೆಸೆಯಲ್ಲಿ ಆ ತೊಳಲಾಟ ನನಗೆ ಅತಿಯೆನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ.

ತೀರ್ಪಿನ ವಿಷಯ ಹೇಳಿಬಿಡುತ್ತೇನೆ. ಹೊಸ ಕೀಬೋರ್ಡ್ ಬಂತು. ರೋಲ್ಯಾಂಡನ್ನು ರಾಯಚೂರಿನ ರಿಪೇರಿಯವರೊಬ್ಬರು ಬಿಡಿಭಾಗಗಳಿಗಾಗಿ ಕೊಂಡರು. ಕ್ಯಾಸಿಯೊ ಧರ್ಮೋಪದೇಶ ತರಗತಿಯ ಮಕ್ಕಳ ಪಾಲಾಯಿತು. ಅದರ ಚುಂಯ್ ಚುಂಯ್ ತಾಳಕ್ಕೆ ಅವರು ಬೆಂಚು ಬಡಿದು ಜೊತೆ ಕೊಡುತ್ತಾರೆ. ಯಮಹಾವನ್ನು ಗಂಟೆಯ ಧ್ವನಿಗಾಗಿ ಉಳಿಸಿಕೊಂಡೆವು. ಉಪದೇಶಿಯವರ ಪೇಟಿ ತನ್ನ ಜಾಗದಲ್ಲಿಯೇ ಇದೆ.

ಹೊಸ ಕೀಬೋರ್ಡಿನ ಮೊದಲ ಭಾನುವಾರ ಯುವಕ ವೇಗದ ಅಂಕಿಯನ್ನು 96ರಿಂದ 72ಕ್ಕೆ ಇಳಿಸಿ ಶುರು ಮಾಡಿದ. ಮೊದಲ ಚರಣ ಸರಿಹೋಯಿತು. ಎರಡನೆಯದರ ಕೊನೆಯಲ್ಲಿ ಅವ್ವಂದಿರು ಎಂದಿನಂತೆ ಸ್ವರವನ್ನು ಎಳೆದರು. ಅವನು ಅಜ್ಜಿಯ ಬಾಯಿಯನ್ನೇ ನೋಡುತ್ತಾ ಎಡಗೈಯಿಂದ ತಾಳದ ಗುಂಡಿಯನ್ನು ಒತ್ತಿ ನಿಲ್ಲಿಸಿದ. ಡ್ರಮ್ಮು ಹೋಯಿತು, ಬಾಸು ಹೋಯಿತು. ಉಳಿದ ಹಾಡನ್ನು ಬರಿಯ ಕಾರ್ಡ್ ಹಿಡಿದು, ಅವರು ನಿಂತಲ್ಲಿ ನಿಂತು ನುಡಿಸಿದ. ಪೂಜೆ ಮುಗಿದ ಮೇಲೆ ಗಾನವೃಂದದ ಹುಡುಗಿಯೊಬ್ಬಳು, ತಾಳ ಯಾಕೆ ಬಂದ್ ಮಾಡಿದೆ ಎಂದು ಅವನೊಡನೆ ಜಗಳವಾಡಿದಳು. ಅವನು, "ಸೆಟ್ಟಿಂಗ್ ಇನ್ನಾ ಸರಿ ಗೊತ್ತಿಲ್ಲ" ಎಂದ.

ಅವನ ಮನೆಗೆ ಒಮ್ಮೆ ಹೋಗಿದ್ದೆ. ಹಲಗೆ ಒಳಗಿನ ಗೋಡೆಯ ಮೊಳೆಗೆ ತೂಗುಬಿದ್ದಿದೆ. ತಾತ ತೀರಿಕೊಂಡು ವರ್ಷಗಳಾಗಿವೆ, ಚರ್ಮ ಸಡಿಲವಾಗಿದೆ. ಅದನ್ನು ಯಾಕೆ ಇಟ್ಟುಕೊಂಡಿದ್ದೀರೆಂದು ಕೇಳುವ ಮನಸ್ಸಾಯಿತು. ಅಜ್ಜಿ ಚಹಾ ತಂದಿಟ್ಟಳು, ಬೇರೆ ಮಾತು ಬಂತು, ಕೇಳಲಿಲ್ಲ.